ಗೋರಿಗಳ ಮೇಲೆ ಹಸಿರು ಬಳಿಯುವ ಯಮುನಾಬಾಯಿ

ಬೆಳಗಿನ ಆರು ಗಂಟೆ. ಹೈದರಾಬಾದಿನ ಮೆಹದಿಪಟ್ಟಣಂನಿಂದ ಹೊರಟ ಮೊದಲ ಬಸ್ಸಿನಿಂದಿಳಿದ ಯಮುನಾಬಾಯಿ ಊರಾಚೆಯ ಬಯಲಿಗೆ ನಡೆಯುತ್ತಾರೆ. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಹದಿನೆಂಟು ಗುಂಡುಕಲ್ಲುಗಳು ದುಂಡಗೆ ನಿಂತ ಜಾಗ ಬಂದೊಡನೆ ಚಪ್ಪಲಿ ಕಳಚುತ್ತಾರೆ.

"ಗೋರಿ ಐತ್ರಿ ಇದು. ಮೂರು ಸಾವಿರ ವರ್ಷದ್ದಂತ. ಚಪ್ಪಲಿ ಹಾಕ್ಕೊಂಡು ಹ್ಯಾಂಗ ನಿಲ್ಲೂದು?"

ಕಬ್ಬಿಣ ಕಾಯಿಸಲು ಆಗತಾನೇ ಕಲಿತಿದ್ದ ಜನ ತಮ್ಮವರನ್ನು ಇಲ್ಲಿ ಮಣ್ಣು ಮಾಡಿ ಕಲ್ಲು ನಿಲ್ಲಿಸಿ ಹೋದರು. ನೆನೆದರೆ ಮೈ ಜುಮ್ಮೆನ್ನುತ್ತದೆ.

ರಾಯಚೂರು ಕಡೆಯ ಯಮುನಾಬಾಯಿ ಹೈದರಾಬಾದಿನ ನಗರ ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯತೊಡಗಿ ಇಪ್ಪತ್ತೊಂಬತ್ತು ವರ್ಷ. ಹೊಸತರಲ್ಲಿ, ಹಳೆಯ ನಕ್ಷೆಯಲ್ಲಿದ್ದ ಇಂಥದೇ ವೃತ್ತವನ್ನು ಪಾಳುಬಾವಿ ಎಂದುಕೊಂಡು ಅದರ ಮೇಲೆ ಮೂವತ್ತಡಿ ರಸ್ತೆ ಎಳೆದುಬಿಟ್ಟಿದ್ದರು. ಬುಲ್ಡೋಜರ್ ಬಂದ ದಿನ ಮಣ್ಣಿನಡಿಯಿಂದ ಮಡಕೆ ಚೂರು, ಎಲುಬು ಎದ್ದವು. "ಎರಡು ದಿನ ಊಟ ಸೇರಲಿಲ್ರಿ. ನಾ ಎಳೆದ ಗೆರಿ ಅದು." ಅಂದಿನಿಂದ ತಾವೇ ನಡೆದು ನೋಡದ ಜಾಗಕ್ಕೆ ಅವರು ಶಾಯಿ ಹಾಕುವುದಿಲ್ಲ.

ತೆಲಂಗಾಣದ ರಾಜಧಾನಿ ದಿನೇದಿನೇ ಬೆಳೆಯುತ್ತಿದೆ. ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಈ ಬಯಲಿನ ಹೆಸರಿಲ್ಲ. ಯಮುನಾಬಾಯಿಗೆ ಗೊತ್ತಿರುವ ಉಪಾಯ ಒಂದೇ. ಪ್ರತಿ ಬಡಾವಣೆಯಲ್ಲೂ ಪಾರ್ಕಿಗೆ ಜಾಗ ಬಿಡಲೇಬೇಕು. ಬಡಾವಣೆಯವರು ದೊಡ್ಡ ಮನಸ್ಸು ಮಾಡಿ ನೀರು ನಿಲ್ಲುವ ಮೂಲೆಯನ್ನು ಬಿಟ್ಟುಕೊಡುತ್ತಾರೆ. ಈಕೆ ಆ ಪಾರ್ಕನ್ನು ಎತ್ತಿ ಗೋರಿಗಳ ಮೇಲೆ ತಂದಿಟ್ಟು ನಕ್ಷೆಯಲ್ಲಿ ಹಸಿರು ಬಳಿಯುತ್ತಾರೆ. ಹೀಗೆ ಹನ್ನೊಂದು ಬಡಾವಣೆಗಳಲ್ಲಿ ಮೂವತ್ತೇಳು ಗೋರಿಗಳು ಉಳಿದಿವೆ!

ಇಂದಿನ ನಕ್ಷೆಯಲ್ಲಿ ಐದು ಗೋರಿಗಳ ಮೇಲೆ ಹದಿನಾಲ್ಕು ನಿವೇಶನಗಳಿದ್ದವು. ಬೆಳಗಿನ ಹನ್ನೊಂದು ಗಂಟೆಗೆ ಅದಕ್ಕೆ ಅಧಿಕಾರಿ ವಾಸುದೇವರಾಯರ ಸಹಿಯಾದರೆ ಗೋರಿಗಳ ಕತೆ ಮುಗಿಯಿತು. ಬಯಲಿನಿಂದ ನೇರ ಕಚೇರಿಗೆ ಬಂದ ಯಮುನಾಬಾಯಿ ತಿದ್ದಿದ ಹಾಳೆಯನ್ನು ಅವರ ಮುಂದೆ ಹರಡುತ್ತಾರೆ.

"ಪ್ಲಾಟು ಕಡಿಮಿ ಆದ್ರ ಬಡಾವಣಿಯವರು ಸುಮ್ಮನಿರ್ತಾರೇನ್ರಿ, ಬಾಯಿ?"

"ಒಂದೂ ಕಡಿಮಿ ಆಗಿಲ್ರಿ, ಎಣಿಸಿ ನೋಡ್ರಿ. ರಸ್ತಾ ಜರಾ ಬಾಗಿಸಿ ಪ್ಲಾಟು ಅತ್ತ ಸರಿಸೀನಿ."

ರಾಯರು ಎರಡು ಸಲ ಎಣಿಸಿ ತಲೆದೂಗುತ್ತಾರೆ. ಪಾರ್ಕಿಗೆ ಬೇವಿನ ಸಸಿಗಳೂ ಇರಲಿ ಎಂದು ಉಮೇದಿನಿಂದ ಬರೆಯಹೊರಟರೆ ಯಮುನಾಬಾಯಿ ಬಿಡುವುದಿಲ್ಲ. ಮರದ ಬೇರು ಗೋರಿಯೊಳಗೆ ಇಳಿಯುತ್ತದೆ. 'ಹುಲ್ಲು ಮಾತ್ರ' ಎಂದು ಬರೆಸಿದ ಮೇಲೆಯೇ ಸಹಿ.

ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಯಾವ ನಕ್ಷೆಯಲ್ಲೂ ಅವರ ಹೆಸರಿಲ್ಲ. ಬೇಸರವಿಲ್ಲವೇ ಎಂದರೆ ನಗುತ್ತಾರೆ.

"ಹೆಸರು ತಗೊಂಡು ಏನ್ ಮಾಡ್ಲಿರಿ? ಅಲ್ಲಿ ಮಲಗಿದವರ ಹೆಸರು ಯಾರಿಗೆ ಗೊತ್ತೈತಿ? ಆ ರಸ್ತಾ ಆದಮ್ಯಾಲ ನನ್ನ ಕೈಯಿಂದ ಒಬ್ಬರ ನಿದ್ದಿನೂ ಕೆಟ್ಟಿಲ್ಲ. ಅಷ್ಟ ಸಾಕ್ರಿ."