ಆನೆಯ ದವಡೆಹಲ್ಲು, ಅಮ್ಮನ ಹಲ್ಲುಸೆಟ್ಟು

ದೆಹಲಿಯ ದ್ವಾರಕಾ ಬಡಾವಣೆಯ ನಮ್ಮ ಮನೆಯ ಬಚ್ಚಲ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟವಿದೆ. ಅದರ ನೀರಿನಲ್ಲಿ ರಾತ್ರಿಯೆಲ್ಲ ಅಮ್ಮನ ಹಲ್ಲುಸೆಟ್ಟು ಮುಳುಗಿರುತ್ತದೆ. ಅದು ಈಚೆಗೆ ಹಗಲಿನಲ್ಲೂ ಅಲ್ಲೇ ಇರುವುದನ್ನು ಕಂಡಿದ್ದೆ, ಯೋಚಿಸಿರಲಿಲ್ಲ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು, ಮೊದಲ ಕಟ್ಟಿಸಿದ ಹಲ್ಲು ಅಮ್ಮನದು. ಎರಡರ ಬಗ್ಗೆಯೂ ನನಗೆ ಜಂಬವಿದೆ, ಮುಚ್ಚಿಡುವುದೇಕೆ? ಊಟಕ್ಕೆ ಕರೆದರೆ ಅಮ್ಮ, "ಹಸಿವಿಲ್ಲ ಕಣೇ, ಮಜ್ಜಿಗೆ ಸಾಕು" ಎನ್ನುವಳು. ಕುಪ್ಪಸ ಸಡಿಲವಾಗುತ್ತಿತ್ತು. ದೆಹಲಿಯ ಸೆಕೆಯಲ್ಲಿ ಯಾರಿಗೆ ತಾನೇ ಹಸಿವು ಎಂದು ನಾನೂ ಸುಮ್ಮನಿದ್ದೆ.

ಹಳೆಯ ಎಲುಬುಗಳ ವಯಸ್ಸು ವಿಚಾರಿಸುವುದು ನನ್ನ ಉದ್ಯೋಗ. ಒಂದಾನೊಂದು ಕಾಲದಲ್ಲಿ ಕಡಲ ದಂಡೆಯಾಗಿದ್ದು, ಈಗ ನೀರು ದೂರ ಸರಿದು ಒಣಗಿ ಬಿದ್ದಿರುವ ನೆಲದಿಂದ ಆನೆಯೊಂದರ ಕಲ್ಲಾದ ದವಡೆಹಲ್ಲು ನಮ್ಮ ಪ್ರಯೋಗಾಲಯಕ್ಕೆ ಬಂದಿತ್ತು. ವಯಸ್ಸು ತಿಳಿಯಬೇಕಾದರೆ ಹಲ್ಲಿನ ಗಟ್ಟಿ ಹೊದಿಕೆಯ ಚೂರೊಂದನ್ನು ಕತ್ತರಿಸಿ ಪುಡಿಮಾಡಬೇಕು. ಕತ್ತರಿಸುವ ಮೊದಲು ಅದರ ಅಚ್ಚು ತೆಗೆದಿಡುವುದು ನಮ್ಮ ಪದ್ಧತಿ. ಅದಕ್ಕೆ ಬೇಕಾದದ್ದು ದಂತವೈದ್ಯರು ಬಾಯಿಗೆ ತುಂಬುವಂಥದೇ ಗುಲಾಬಿ ಬಣ್ಣದ ಪೇಸ್ಟು. ಕಲಸುತ್ತಿದ್ದಂತೆ, ಅದೇ ಪೇಸ್ಟು ತುಂಬಿಸಿಕೊಂಡು ಕಣ್ಣರಳಿಸಿ ಕುಳಿತಿದ್ದ ಅಮ್ಮ ನೆನಪಾಗಿ ನಗು ಬಂತು.

ಅಚ್ಚು ಬಿಡಿಸಿ ನೋಡಿದರೆ ಹಲ್ಲು ಒಂದೇ ಕಡೆಗೆ ಇಳಿಜಾರಾಗಿ ಸವೆದಿತ್ತು. ಪಕ್ಕದಲ್ಲಿದ್ದ ಸಹೋದ್ಯೋಗಿ ನೀಲಂ ಬಗ್ಗಿದಳು. "ಅಚ್ಛಾ, ಎದುರಿನ ಹಲ್ಲು ಸರಿಯಾಗಿ ಕೂತಿರಲಿಲ್ಲ ಅನ್ಸುತ್ತೆ. ಬೇಚಾರಾ, ಪಾಪ, ಏನು ತಿಂತಿತ್ತೋ."

ಆನೆಗೆ ದವಡೆಹಲ್ಲು ಆರು ಸಲ ಬರುತ್ತದೆ. ಆರನೆಯದೂ ಸವೆದ ಮೇಲೆ ನೀರಿನ ಅಂಚಿನ ಮೆತ್ತನೆಯ ಹುಲ್ಲೇ ಗತಿ. ಈ ಆನೆ ದಂಡೆಗೆ ಬಂದದ್ದು ಅದಕ್ಕೋ ಏನೋ. ಒಂದು ಹಲ್ಲು ಅಷ್ಟೆಲ್ಲ ಹೇಳುವುದಿಲ್ಲ. ನನಗೆ ಮಾತ್ರ ಹಗಲಿನಲ್ಲೂ ಹಲ್ಲುಸೆಟ್ಟು ಮುಳುಗಿರುವ ಲೋಟ ಕಣ್ಣಿಗೆ ಕಟ್ಟಿತು. ಯಾವುದೋ ಕಾಲದ ಬಾಯಿಯ ನೋವನ್ನು ಓದಬಲ್ಲವಳಿಗೆ ಎದುರಿಗೆ ಕೂತು ಮಜ್ಜಿಗೆ ಕುಡಿಯುವವಳ ಬಾಯಿ ಕಾಣಲಿಲ್ಲವಲ್ಲ ಎಂದುಕೊಂಡೇ ಮೆಟ್ರೊ ಹತ್ತಿದೆ.

"ಅಮ್ಮಾ, ಬಾಯಿ ತೆಗಿ."

"ನಾನೇನು ನಿನ್ನ ಆನೆಯೇನೇ?"

ಎಡಗಡೆಯ ವಸಡು ಹುಣ್ಣಾಗಿತ್ತು.

"ಯಾಕೆ ಹೇಳ್ಲಿಲ್ಲ?"

"ಓದಿದ ಮಗಳು ಕಟ್ಟಿಸಿಕೊಟ್ಟಿದ್ದು ಅಂತ ಕೆಳಗೆ ಪಾರ್ಕಿನಲ್ಲಿ ಎಲ್ಲರಿಗೂ ತೋರಿಸಿಬಿಟ್ಟಿದ್ದೀನಿ. ಈಗ ಚುಚ್ಚುತ್ತೆ ಅಂದ್ರೆ ಚೆನ್ನಾಗಿರುತ್ತಾ?"

ಜಂಬ ನನ್ನೊಬ್ಬಳದೇ ಅಂದುಕೊಂಡಿದ್ದೆ. ಹುಣ್ಣು ಮಾಯುವವರೆಗೆ ಗಂಜಿ ಕಾಸಿದೆ; ವೈದ್ಯರು ಸೆಟ್ಟಿನ ಅಂಚನ್ನು ಉಜ್ಜಿ ಸರಿಮಾಡಿಕೊಟ್ಟರು.

ಆನೆಯ ವಯಸ್ಸು ಇನ್ನೂ ಗೊತ್ತಾಗಿಲ್ಲ; ಅದಕ್ಕೇನೂ ಅವಸರವಿಲ್ಲ. ಇವತ್ತು ಮಧ್ಯಾಹ್ನ ಅಡುಗೆಮನೆಯಿಂದ ಚಕ್ಕುಲಿ ಮುರಿಯುವ ಸದ್ದು ಕೇಳಿಸಿತು. ಎದ್ದು ಹೋಗಿ ಬಚ್ಚಲ ಕಿಟಕಿ ನೋಡಿದೆ. ಲೋಟದಲ್ಲಿ ಬರೀ ನೀರಿತ್ತು.