ಗ್ರೀಸಿನ ಅಂಜೂರವನ್ನು ಜರಿದ ಐವರು

ನನ್ನ ಅತ್ತಿಗೆ ಹುಣಸೂರಿನಲ್ಲಿ ಬೇಕರಿ ಸಾಮಾನಿನ ಸಗಟು ಅಂಗಡಿ ನಡೆಸುತ್ತಾರೆ. ಗೋಡಂಬಿ, ಒಣದ್ರಾಕ್ಷಿ, ಟೂಟಿ ಫ್ರೂಟಿ, ಅಂಜೂರ, ಡಬ್ಬಿಯಲ್ಲಿ ಬರುವ ಹಣ್ಣು. ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಬೇಕರಿಗಳಿಗೂ ಅವರೇ ಹಾಕುತ್ತಾರೆ. ನನ್ನ ಅಣ್ಣ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಅಂಗಡಿಗೆ ಪೇಪರ್ ಓದಲು ಮಾತ್ರ ಬರುತ್ತಾರೆ.

ಒಂದು ದಿನ, ಅಷ್ಟು ವರ್ಷ ಮಾಲು ಕಳಿಸುತ್ತಿದ್ದ ಚೆನ್ನೈನ ಆಮದುದಾರರು ಅತ್ತಿಗೆಗೆ ಫೋನ್ ಮಾಡಿ, ಇನ್ನು ಮುಂದೆ ಇಡೀ ಜಿಲ್ಲೆಯ ವಿದೇಶಿ ಹಣ್ಣನ್ನು ಮೈಸೂರಿನ ಒಬ್ಬರಿಗೇ ಕೊಡುವುದಾಗಿ ತಿಳಿಸಿದರು. ಬೇಕಿದ್ದರೆ ಅವರಿಂದ ಕೊಳ್ಳಬಹುದು ಎಂದರು. ಮೈಸೂರಿನಿಂದ ಅತ್ತಿಗೆ ಕೊಳ್ಳಬಹುದಾದರೆ ಕೆ.ಆರ್. ನಗರದ ಬೇಕರಿಯವನೂ ಕೊಳ್ಳಬಹುದು. ಅವನಿಗೆ ಮೈಸೂರೇನೂ ದೂರವಲ್ಲ. ಸ್ವಂತವಾಗಿ ಮಾಲು ತರಿಸುವ ದಾರಿ ಸಿಗದಿದ್ದರೆ ಇಪ್ಪತ್ತೆರಡು ವರ್ಷದ ಸಗಟು ಅಂಗಡಿ ಬೀದಿಯ ಇನ್ನೊಂದು ಚಿಲ್ಲರೆ ಅಂಗಡಿಯಾಗುತ್ತದೆ. ಅತ್ತಿಗೆ ಇದನ್ನು ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ಅಂಜೂರದ ಹಳೆಯ ಪೆಟ್ಟಿಗೆಯೊಂದನ್ನು ತಿರುಗಿಸಿ, ಅದರ ತಳದಲ್ಲಿ ಸಣ್ಣಕ್ಷರದಲ್ಲಿದ್ದ ವಿಳಾಸವನ್ನು ನನಗೆ ತೋರಿಸಿದರು.

‘ಇದು ಗ್ರೀಸ್ ದೇಶದ್ದಂತೆ. ಇವ್ರಿಗೆ ಒಂದು ಕಾಗ್ದ ಬರಿ.’

‘ಅತ್ಗೆ, ಅವ್ರು ನಮ್ಗೆಲ್ಲಿ ಕೊಡ್ತಾರೆ?’

‘ನಿಂಗೆ ಬರೆಯೋದು ತಾನೆ ಕೆಲ್ಸ? ಕೊಡೋದು ಬುಡೋದು ಅವ್ರ ಕೆಲ್ಸ.’

ನಾನು ಮೈಸೂರಿನ ಪತ್ರಿಕೆಯೊಂದಕ್ಕೆ ತಾಲ್ಲೂಕು ವರದಿಗಾರ. ಬರೆದೆ. ಗ್ರೀಸಿನಲ್ಲಿ ಹಣ್ಣು ಒಣಗಿಸುವ, ಡಬ್ಬಿಗೆ ತುಂಬುವ ಏಳು ಕಡೆಗೆ ಮೇಲ್ ಹೋಯಿತು. ಇಬ್ಬರು ಉತ್ತರ ಕೊಟ್ಟರು. ಒಬ್ಬರು ಪೂರ್ತಿ ಕಂಟೇನರಿಗಿಂತ ಕಡಿಮೆ ಕಳಿಸುವುದಿಲ್ಲ ಎಂದರು. ಇನ್ನೊಂದು ಕಡೆ ರಫ್ತು ನೋಡಿಕೊಳ್ಳುವ ಹೆಂಗಸು, ಕೊಚ್ಚಿಯ ವ್ಯಾಪಾರಿಯೊಬ್ಬರಿಗೆ ಹೋಗುವ ಕಂಟೇನರಿನಲ್ಲಿ ನಾಲ್ಕು ಪ್ಯಾಲೆಟ್ ಜಾಗವಿದೆ, ಯಾವ ಹಣ್ಣು ಎಷ್ಟು ಎಂದು ತಿಂಗಳ ಕೊನೆಯೊಳಗೆ ತಿಳಿಸಿದರೆ ಸೇರಿಸುತ್ತೇನೆ ಎಂದು ಬರೆದಳು. ಪ್ಯಾಲೆಟ್ ಎಂದರೆ ಮರದ ಹಲಗೆಯ ಮೇಲೆ ಎದೆಯೆತ್ತರಕ್ಕೆ ಪೇರಿಸಿ ಬಿಗಿದ ಪೆಟ್ಟಿಗೆಗಳು. ಜೊತೆಗೆ ಮಾದರಿಗೆಂದು ಒಣ ಅಂಜೂರ, ಮೆಣಸಿನ ಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಒಣದ್ರಾಕ್ಷಿ, ಪಾಕದಲ್ಲಿ ಮುಳುಗಿಸಿದ ಪೀಚ್ ಹಣ್ಣಿನ ಡಬ್ಬಿಗಳನ್ನು ಕೊರಿಯರ್ ಮಾಡಿದಳು.

ಅತ್ತಿಗೆ ಮತ್ತು ನಾನು ನನ್ನ ಹಳೆಯ ಕಾರಿನಲ್ಲಿ ನಾಲ್ಕು ದಿನ ನಾಲ್ಕು ತಾಲ್ಲೂಕು ಸುತ್ತಿದೆವು. ಹದಿನಾರು ಅಂಗಡಿ. ಅತ್ತಿಗೆ ತಿನ್ನಿಸುವುದು, ನಾನು ಬರೆದುಕೊಳ್ಳುವುದು. ಯಾರು ಏನು ಹೇಳಿದರೋ ಅದನ್ನೇ, ಹೇಳಿದ ಮಾತಿನಲ್ಲೇ ಬರೆಯುತ್ತೇನೆ ಎಂದು ಮೊದಲೇ ಹೇಳಿದ್ದೆ. ಅತ್ತಿಗೆ ಬೇಡವೆನ್ನಲಿಲ್ಲ.

ಕೆ.ಆರ್. ನಗರದ ಬೇಕರಿಯವನು ಅಂಜೂರವನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದ.

‘ಅಕ್ಕಾ, ಇದು ಅಂಜೂರ ಅಲ್ಲ ಕಣಕ್ಕ, ಅಮೃತ.’

‘ಎಷ್ಟು ಬಾಕ್ಸ್ ಬರ್ಕೊಳ್ಳಾನಪ್ಪ?’

‘ನಿಮ್ಗೆ ತಿಳ್ದಷ್ಟು ಬರ್ಕೊಳ್ಳಿ. ನಿಮ್ಮ ಮಾಲ್ನ ಯಾವತ್ತಾದ್ರೂ ಬ್ಯಾಡ ಅಂದಿದ್ದೀವಾ? ಲೇ, ಅಕ್ಕಂಗೆ ಖಾರಾ ಬನ್ ಕೊಡ್ಲಾ, ಬಿಸೀದು.’

ಖಾರಾ ಬನ್ ತಿಂದೆವು. ‘ಅಮೃತ’ ಎಂದು ಬರೆದುಕೊಂಡೆ.

ಎಚ್.ಡಿ. ಕೋಟೆಯಲ್ಲಿ, ಕಬಿನಿ ಹಿನ್ನೀರಿನ ದಡದ ರೆಸಾರ್ಟೊಂದರ ಅಡುಗೆಮನೆಗೆ ಸಾಮಾನು ಕೊಳ್ಳುವ ಹುಡುಗ ಪೀಚ್ ಡಬ್ಬಿಯನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡ. ‘ಸೂಪರ್ ಮೇಡಂ. ಗೆಸ್ಟ್‌ಗಳು ಬೆಳಗ್ಗೆ ತಿಂಡಿಗೆ ಇದನ್ನೇ ಕೇಳ್ತಾರೆ ನೋಡಿ,’ ಎಂದ. ಯಾವ ಗೆಸ್ಟೂ ಅಲ್ಲಿರಲಿಲ್ಲ. ಅದನ್ನು ನಾನು ಬರೆಯಲಿಲ್ಲ. ಯಾರೂ ಹೇಳಿದ ಮಾತಲ್ಲ.

ಬೈಲಕುಪ್ಪೆಯಲ್ಲಿ ಟಿಬೆಟಿನ ಹೆಂಗಸೊಬ್ಬರ ದಿನಸಿ ಅಂಗಡಿಗೆ ಹೋದೆವು. ಆಕೆ ಅಂಜೂರವನ್ನು ಉಗುರಿನಲ್ಲಿ ಸೀಳಿ, ಬೆಳಕಿಗೆ ಹಿಡಿದು, ಮೂಸಿ, ಅರ್ಧ ತಿಂದು, ಉಳಿದರ್ಧವನ್ನು ತಟ್ಟೆಯಲ್ಲಿಟ್ಟರು.

‘ಚಿಕ್ಕದು ಅಕ್ಕ. ಅಫ್ಘಾನಿಸ್ತಾನದ್ದು ಇದಕ್ಕಿಂತ ದೊಡ್ಡದು.’

‘ಸಿಹಿ ನೋಡಿ.’

‘ಸಿಹಿ ಇದೆ. ಮೇಲೆ ಬಿಳೀ ಹಿಟ್ಟು ಯಾಕೆ?’

‘ಹಣ್ಣಿನ ಸಕ್ಕರೇನೇ ಅದು. ಒರೆಸಿದ್ರೆ ಹೋಗುತ್ತೆ.’

‘ನನ್ನ ಗಿರಾಕಿ ಹುಳ ಅಂತಾರೆ. ನಾನು ಎಷ್ಟು ಜನಕ್ಕೆ ಒರೆಸಿ ತೋರಿಸ್ಲಿ? ಮಳೆ ಬಂದ್ರೆ ಅಂಟಾಗುತ್ತೆ. ಈ ರಟ್ಟಿನ ಪೆಟ್ಟಿಗೇನೂ ತೆಳು.’

ಅರ್ಧ ಗಂಟೆ ನಿಂತೇ ಇದ್ದೆವು. ಚಹಾ ಬರಲಿಲ್ಲ. ಪಿರಿಯಾಪಟ್ಟಣದಲ್ಲಿ ಒಣಹಣ್ಣಿನ ಹಳೆಯ ವ್ಯಾಪಾರಿಯೊಬ್ಬರು ಇನ್ನೂ ಚುಟುಕಾಗಿ ಮುಗಿಸಿದರು.

‘ಇದ್ನ ಮೇಕೆ ಮುಂದೆ ಹಾಕಿದ್ದೀರೇನಮ್ಮ?’

‘ಯಾಕೆ ಯಜಮಾನ್ರೇ?’

‘ಹಾಕ್ನೋಡಿ. ಮೂಸಿದ್ರೆ ಹೇಳಿ, ಆಮೇಲೆ ನಾನು ತಿಂತೀನಿ.’

ಕೊನೆಯ ದಿನ ಸಂಜೆ ಅಂಗಡಿಯಲ್ಲಿ ಕೂತು ನನ್ನ ಲೆಕ್ಕ ಒಪ್ಪಿಸಿದೆ. ಹೊಗಳಿದವರು ಹನ್ನೊಂದು, ಜರಿದವರು ಐದು; ಐವರೂ ಅಂಜೂರವನ್ನು, ಅವರಲ್ಲಿ ಇಬ್ಬರು ದ್ರಾಕ್ಷಿಯನ್ನೂ. ಪೀಚ್ ಹಣ್ಣನ್ನು ಜರಿದವರು ಒಬ್ಬರೂ ಇಲ್ಲ. ಹೀಗಾಗಿ ಎರಡು ಪ್ಯಾಲೆಟ್ ಪೀಚ್, ಒಂದು ಅಂಜೂರ, ಒಂದು ದ್ರಾಕ್ಷಿ ಎಂದು ಗ್ರೀಸಿಗೆ ಮೇಲ್ ಸಿದ್ಧಪಡಿಸಿ ಓದಿ ಹೇಳಿದೆ. ‘ಹನ್ನೊಂದು ಅಂಗಡಿಗಳು ಮೆಚ್ಚುಗೆ ವ್ಯಕ್ತಪಡಿಸಿವೆ’ ಎಂಬ ಸಾಲೂ ಇತ್ತು. ಅತ್ತಿಗೆ ಕೇಳಿ ಮುಗಿಸಿದರು.

‘ಹನ್ನೊಂದನ್ನೂ ತೆಗಿ.’

‘ಯಾಕತ್ಗೆ? ಎಲ್ರೂ ಚೆನ್ನಾಗದೆ ಅಂದವ್ರೆ.’

‘ಅದ್ಕೇ ಕಣಪ್ಪ.’

ಅತ್ತಿಗೆಯ ತವರು ಹಾರನಹಳ್ಳಿಯ ಹತ್ತಿರ. ಅವರ ತಂದೆ ಹೊಗೆಸೊಪ್ಪು ಬೆಳೆಯುತ್ತಿದ್ದರು. ಒಣಗಿಸಿದ ಸೊಪ್ಪನ್ನು ಬೇಲು ಕಟ್ಟಿ ಹರಾಜಿಗೆ ಒಯ್ಯುವಾಗ ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದರಂತೆ.

‘ಕಂಪನಿಯೋರು ಸಾಲಾಗಿ ಬರೋರು. “ಬಾಳ ಚೆಂದಾಗದೆ ಯಜಮಾನ್ರೇ” ಅಂದೋರೆಲ್ಲ ಮುಂದಿನ ಬೇಲ್‌ಗೆ ಹೊಂಟೋಗೋರು. ಒಬ್ಬ ಎಲೆ ಕಿತ್ತು, ಮೂಸಿ, ಮೂತಿ ಸೊಟ್ಟ ಮಾಡಿ, “ಏನ್ರೀ ಇದು, ಹಸಿ ವಾಸ್ನೆ” ಅನ್ನೋನು. ತಗೊಳ್ತಿದ್ದೋನು ಅವ್ನೇ. ತಗೊಂಡು ಎಲ್ಲಿಡಾನ, ಯಾರಿಗೆ ಮಾರಾನ ಅಂತ ಯೋಚ್ನೆ ಮಾಡೋನಿಗೆ ತಾನೆ ತಪ್ಪು ಕಾಣೋದು? ಬೈಲಕುಪ್ಪೆ ಅಕ್ಕ ಮಳೆಗಾಲದ ಮಾತಾಡುದ್ರು. ಆಗ್ಲೇ ಅವ್ರ ಅಂಗ್ಡಿ ಒಳಗೆ ಇಟ್ಟಾಯ್ತು ಅದ್ನ. ಪೀಚ್‌ನ ಯಾರಾದ್ರೂ ಬೈದ್ರಾ?’

‘ಇಲ್ಲ.’

‘ಹಂಗಾದ್ರೆ ಪೀಚ್ ಬ್ಯಾಡ.’

ಐದು ಜನರ ಬೈಗುಳ ನಂಬಿ ನಾಲ್ಕು ಪ್ಯಾಲೆಟ್ ತರಿಸುವುದು ನನಗೆ ಸರಿ ಕಾಣಲಿಲ್ಲ. ಹಾಗೆಂದು ಹೇಳಿದೆ. ಪೇಪರಿನಿಂದ ತಲೆಯೆತ್ತಿದ ಅಣ್ಣ, ‘ಇವ್ನು ಹೇಳೋದ್ರಲ್ಲೂ ಅರ್ಥ ಅದೆ,’ ಎಂದರು. ಅತ್ತಿಗೆ, ‘ನೋಡಿ, ನೀವೂ ಹೊಗಳಿದ್ರಿ,’ ಎಂದರು. ಅಣ್ಣ ಪೇಪರಿಗೆ ವಾಪಸಾದರು. ಮೂರು ಪ್ಯಾಲೆಟ್ ಅಂಜೂರ, ಒಂದು ದ್ರಾಕ್ಷಿ ಎಂದು ತಿದ್ದಿ ಕಳಿಸಿದೆ.

ಗ್ರೀಸಿನ ಹೆಂಗಸಿನಿಂದ ಮರುದಿನವೇ ಉದ್ದದ ಮೇಲ್ ಬಂತು. ಪೀಚ್ ಯಾಕೆ ಬೇಡ ಎಂದು ಒಂದೇ ಸಾಲಿನಲ್ಲಿ ಕೇಳಿ ಬಿಟ್ಟಿದ್ದಳು. ಉಳಿದದ್ದೆಲ್ಲ ಪ್ರಶ್ನೆ. ಹುಣಸೂರಿನಲ್ಲಿ ಮಳೆ ಎಷ್ಟು ತಿಂಗಳು? ಗೋದಾಮಿನ ಚಾವಣಿ ಯಾವುದು? ಇಲಿ ಇದೆಯೇ? ನೀವು ಈ ಮೊದಲು ಆಮದು ಮಾಡಿದವರಲ್ಲ, ಬಂದರಿನಲ್ಲಿ ಕಾಗದಪತ್ರ ನೋಡುವವರು ಯಾರು? ಅತ್ತಿಗೆ ಗೋದಾಮಿನ ನಾಲ್ಕೂ ಮೂಲೆಯ ಫೋಟೋ ಕಳಿಸಿದರು. ಉತ್ತರದ ಗೋಡೆಯಲ್ಲಿ ತೇವ ಕಾಣುತ್ತಿದೆ, ಪೆಟ್ಟಿಗೆಗಳು ಗೋಡೆಯಿಂದ ಒಂದು ಅಡಿ ದೂರವಿರಬೇಕು, ಇಲಿಬೋನು ಒಂದೇ ಸಾಲದು ಎಂದು ಮತ್ತೆ ಬರೆದಳು. ನಾನು ಓದಿ ಹೇಳುತ್ತಾ ಹೋದಂತೆ ಅತ್ತಿಗೆಯ ಮುಖ ಸಡಿಲವಾಯಿತು. ಚೆನ್ನೈನ ಫೋನ್ ಬಂದ ಮೇಲೆ ಅದೇ ಮೊದಲು.

‘ಕಳಿಸ್ತಾಳೆ ಕಣಪ್ಪ ಇವ್ಳು,’ ಎಂದರು.

ಕಳಿಸಿದಳು. ಮಾಲು ಕೊಚ್ಚಿಗೆ ಬಂದು, ಅಲ್ಲಿನ ವ್ಯಾಪಾರಿಯ ಕಡೆಯವರ ಕೈಯಲ್ಲೇ ಕಾಗದಪತ್ರ, ಪರೀಕ್ಷೆ ಮುಗಿಸಿಕೊಂಡು, ಲಾರಿ ಹತ್ತಿತು. ಕಾಕನಕೋಟೆ ಕಾಡಿನ ರಸ್ತೆ ಸಂಜೆಯ ಮೇಲೆ ಮುಚ್ಚುತ್ತದೆಂದು ಡ್ರೈವರಿಗೆ ಯಾರೂ ಹೇಳಿರಲಿಲ್ಲ. ಅವನು ಗೇಟಿನ ಆಚೆಯೇ ತಂಗಿ ಮಾರನೆಯ ಬೆಳಿಗ್ಗೆ ಹುಣಸೂರು ಸೇರಿದ. ಉತ್ತರದ ಗೋಡೆಯಿಂದ ಅಡಿಯಲ್ಲ, ಎರಡಡಿ ಬಿಟ್ಟು ಪೆಟ್ಟಿಗೆ ಪೇರಿಸಲಾಯಿತು.

ಮುಂದಿನದನ್ನು ಇದ್ದಂತೆ ಹೇಳುತ್ತೇನೆ. ಜರಿದ ಐವರಲ್ಲಿ ನಾಲ್ವರು ಕೊಂಡರು. ಬೈಲಕುಪ್ಪೆಯ ಹೆಂಗಸು ಖುದ್ದಾಗಿ ಬಂದು, ಪೆಟ್ಟಿಗೆಯ ರಟ್ಟು ತೆಳುವೆಂದು ಮತ್ತೊಮ್ಮೆ ಹೇಳಿ, ಎಲ್ಲರಿಗಿಂತ ಹೆಚ್ಚು ಒಯ್ದರು. ಐದನೆಯವರು, ಪಿರಿಯಾಪಟ್ಟಣದ ವ್ಯಾಪಾರಿ, ಈವರೆಗೆ ಒಂದು ಪೆಟ್ಟಿಗೆಯನ್ನೂ ಕೊಂಡಿಲ್ಲ. ಅವರು ತಮ್ಮ ಅಂಗಡಿಯ ಮಾಲಿಗೂ ಹಾಗೆಯೇ ಬೈಯುತ್ತಾರೆಂದು ಆಮೇಲೆ ತಿಳಿಯಿತು. ಹೊಗಳಿದ ಹನ್ನೊಂದು ಜನರಲ್ಲಿ ಮೂವರು ಒಂದೊಂದು ಪೆಟ್ಟಿಗೆ ಕೊಂಡರು. ಅಮೃತವೆಂದವನು ಆ ಮೂವರಲ್ಲಿಲ್ಲ. ಪೀಚ್ ಡಬ್ಬಿಯ ಜೊತೆ ಫೋಟೋ ತೆಗೆಸಿಕೊಂಡ ಹುಡುಗ ಬೇರೆ ರೆಸಾರ್ಟಿಗೆ ಹೋಗಿದ್ದ. ಅವನ ಹಳೆಯ ಮಾತನ್ನು ನೆನಪಿಸಹೋದರೆ, ಆ ಅಡುಗೆಮನೆಗೆ ಬಂದ ಹೊಸಬನಿಗೆ ಪೀಚ್ ಎಂದರೆ ಏನೆಂದು ವಿವರಿಸಬೇಕಾಯಿತು.

ಅತ್ತಿಗೆಯ ಅಂಗಡಿ ಈಗಲೂ ಸಗಟು ಅಂಗಡಿಯೇ. ಮೈಸೂರಿನ ವ್ಯಾಪಾರಿಯಿಂದ ಅವರು ಏನನ್ನೂ ಕೊಂಡಿಲ್ಲ.

ಗೋದಾಮಿನಲ್ಲಿ ಕೊನೆಯ ಸಾಲು ಉಳಿದಿದ್ದಾಗ, ಗ್ರೀಸಿಗೆ ಇನ್ನೊಂದು ಮೇಲ್ ಬರೆಯಬೇಕೆಂದು ಅತ್ತಿಗೆ ನನ್ನನ್ನು ಕರೆಸಿದರು. ಧನ್ಯವಾದದಿಂದ ಶುರು ಮಾಡಿದ್ದೆ. ಅದನ್ನು ಹೊಡೆದು ಹಾಕಿಸಿದರು.

‘ಏಳು ಪೆಟ್ಗೆ ಮೂಲೆ ಜಜ್ಜೋಗಿತ್ತು ಅಂತ ಬರಿ. ಎರಡ್ರಲ್ಲಿ ಅಂಜೂರ ಬಾಳ ಒಣಗೋಗಿತ್ತು. ದ್ರಾಕ್ಷೀಲಿ ತೊಟ್ಟು ಜಾಸ್ತಿ. ಲೇಬಲ್ ಸೊಟ್ಟ ಅಂಟ್ಸವ್ರೆ. ರಟ್ಟು ತೆಳು ಅನ್ನೋದ್ನ ಎರಡು ಸಲ ಬರಿ.’

ಬರೆದೆ. ಓದಿದಾಗ ಸಂಬಂಧ ಮುರಿಯಲು ಬರೆದ ಪತ್ರದಂತಿತ್ತು.

‘ಇನ್ನು ಅವ್ರ ಸಹವಾಸ ಬ್ಯಾಡ್ವಾ ಅತ್ಗೆ?’

ಅತ್ತಿಗೆ ಗೋದಾಮಿನ ಬಾಗಿಲು ತೆರೆದು ಖಾಲಿ ಜಾಗ ಎಣಿಸಿದರು.

‘ಕೊನೇಲಿ ಎಂಟು ಪ್ಯಾಲೆಟ್ ಅಂತ ಹಾಕು,’ ಎಂದರು.

ತಪ್ಪುಗಳು ಒಂದು ಪುಟ ತುಂಬಿದ್ದವು. ಆರ್ಡರ್ ಒಂದು ಸಾಲಿಗೆ ಮುಗಿಯಿತು.