ಗುಡ್ಡ ಬಂದಾದ ತಿಂಗಳಲ್ಲಿ ನಮ್ಮ ಕ್ಯಾಂಪು

ಕಟಕಟ, ಕಟಕಟ. ಕಡ್ಡಿಪೆಟ್ಟಿಗೆಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುವ ಆ ಸದ್ದು ನನಗೆ ಇವತ್ತಿಗೂ ಬೇಸಿಗೆಯ ಸದ್ದು. ಕಪ್ಪತಗುಡ್ಡದ ಬುಡದಲ್ಲಿ, ಮುಂಡರಗಿ ಕಡೆಯ ಮಗ್ಗುಲಿಗೆ, ಅರಣ್ಯ ಇಲಾಖೆಯವರ ಕ್ಯಾಂಪಿನ ಬಯಲೊಂದಿತ್ತು. ಅದರ ಗೇಟಿನಲ್ಲಿ ಗಾರ್ಡ್ ಚಾಚಾ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದರು. ಶಿವರಾತ್ರಿ ಕಳೆದು ಹುಲ್ಲು ಒಣಗಿತೆಂದರೆ ಆ ದಾರಿಯಲ್ಲಿ ಹೋಗುವವರೆಲ್ಲ, ದನ ಕಾಯುವವರಿರಲಿ, ಗುಡ್ಡದ ಮೇಲಿನ ಗುಡಿಗೆ ಹೊರಟವರಿರಲಿ, ಜೇಬಿನ ಕಡ್ಡಿಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟೇ ಮುಂದೆ ಹೋಗಬೇಕು. ಚಾಚಾ ಅದನ್ನು ಅಲ್ಲಾಡಿಸಿ, ಒಳಗೆ ಕಡ್ಡಿ ಇದ್ದರೆ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ಬರುವಾಗ ಅವರವರದು ಅವರವರಿಗೆ. ಎಲ್ಲವೂ ಒಂದೇ ಛಾಪಿನ ಪೆಟ್ಟಿಗೆಗಳಾದರೂ ಯಾರದು ಯಾವುದೆಂದು ಅವರಿಗೆ ಗೊತ್ತು. ಹೇಗೆ ಗೊತ್ತೋ, ಐ ನೆವರ್ ಫೌಂಡ್ ಔಟ್.

ಆ ಬಯಲು ಕ್ಯಾಂಪಿಗೆಂದು ತೆರೆದಿರುತ್ತಿದ್ದದ್ದು ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾತ್ರ. ಬೇಸಿಗೆಯಲ್ಲಿ ಬೆಂಕಿಯ ಭಯ, ಮಳೆಗಾಲದಲ್ಲಿ ದಾರಿಯೆಲ್ಲ ಎರೆಮಣ್ಣಿನ ಕೆಸರು. ತೆರೆದಿದ್ದಾಗ ಯಾರಿಗೂ ಬಿಡುವಿರುತ್ತಿರಲಿಲ್ಲ, ಬಂದಾದ ಮೇಲೆ ಎಲ್ಲರಿಗೂ ಗುಡ್ಡ ನೆನಪಾಗುತ್ತಿತ್ತು. ಏಪ್ರಿಲ್ ಬಂತೆಂದರೆ ಹುಬ್ಬಳ್ಳಿಯ ಬ್ಯಾಂಕಿನವರು, ಬೀಗರನ್ನು ಕಟ್ಟಿಕೊಂಡು ಬಂದ ಲಕ್ಷ್ಮೇಶ್ವರದ ವ್ಯಾಪಾರಿಗಳು, ಎಲ್ಲರೂ ಗೇಟಿನ ಮುಂದೆ. ಚಾಚಾ ಎಲ್ಲರಿಗೂ ತಣ್ಣಗಿನ ನೀರು ಕೊಟ್ಟು ಹಿಂದಕ್ಕೆ ಕಳಿಸುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ವರ್ಷ ಹಾಗೆ ಬಂದವರಲ್ಲಿ ನಾನೂ ಒಬ್ಬಳು.

ಆಗ ನಾನು ಗದಗಿನ ಹುಡುಗಿಯರ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್, ಜೊತೆಗೆ ಗೈಡ್ ದಳದ ಕ್ಯಾಪ್ಟನ್. ನಮ್ಮದು ಗುಡಿಯ ಪೂಜೆಯ ಮನೆತನ. ತಂದೆ ಕಚೇರಿಯಲ್ಲಿ ಗುಮಾಸ್ತರಾದ ಮೇಲೆ ನನ್ನನ್ನು ಬೆಳಗಾವಿಯ ಕಾನ್ವೆಂಟಿಗೆ ಸೇರಿಸಿದ್ದರು. ದಳದಲ್ಲಿ ಹದಿನಾರು ಹುಡುಗಿಯರು, ಎಲ್ಲರೂ ಹತ್ತನೆಯ ತರಗತಿಯವರು. ಮೂರು ದಿನ ಬಯಲಿನಲ್ಲಿದ್ದು, ಎರಡೇ ಕಡ್ಡಿಯಲ್ಲಿ ಒಲೆ ಹೊತ್ತಿಸಿ ನೀರು ಕಾಯಿಸಿ ತೋರಿಸಿದರೆ ಅವರಿಗೆ ಪದಕ. ಇಲ್ಲದಿದ್ದರೆ ಮೂರು ವರ್ಷದ ಶ್ರಮವೆಲ್ಲ ವೇಸ್ಟ್. ಚಳಿಗಾಲದಲ್ಲಿ ಗಂಡುಹುಡುಗರ ಶಾಲೆಗಳು ಬಯಲನ್ನು ಮೊದಲೇ ಹಿಡಿದುಬಿಟ್ಟಿದ್ದವು. ನಮ್ಮ ಸರದಿ ಬಂದಾಗ ಪ್ರಿಲಿಮಿನರಿ ಪರೀಕ್ಷೆ ಅಡ್ಡ ಬಂತು. ಜೂನ್ ಬಂದರೆ ಈ ಹುಡುಗಿಯರು ಶಾಲೆಯಲ್ಲೇ ಇರುವುದಿಲ್ಲ. ಬೆಳ್ಳಟ್ಟಿಯಿಂದ ಬಂದು ಹಾಸ್ಟೆಲಿನಲ್ಲಿ ಓದುತ್ತಿದ್ದ ಒಬ್ಬಳಿಗಂತೂ ಮೇ ತಿಂಗಳಲ್ಲೇ ಮದುವೆ. "ಅಕ್ಕಾರ, ಒಮ್ಮಿ ತಾಳಿ ಬಿತ್ತಂದ್ರ ನನ್ನ ಯಾರು ಕ್ಯಾಂಪಿಗೆ ಬಿಡ್ತಾರ್ರಿ?" ಎಂದಿದ್ದಳು. ಆ ಮಾತು ನನ್ನನ್ನು ಕೂರಗೊಡಲಿಲ್ಲ. ತಂದೆಗೆ ಪರಿಚಯವಿದ್ದ ಅರಣ್ಯ ಇಲಾಖೆಯ ಸಾಹೇಬರನ್ನು ಹಿಡಿದು, 'ಸ್ಪೆಷಲ್ ಕೇಸ್' ಎಂದು ಪರ್ಮಿಷನ್ ಬರೆಸಿಕೊಂಡು ಗೇಟಿಗೆ ಹೋದೆ.

ಚಾಚಾ ಕಾಗದವನ್ನು ಎರಡು ಸಲ ಓದಿದರು. "ಸಾಹೇಬ್ರು ಸಹಿ ಮಾಡ್ಯಾರ ಖರೆರಿ ಬಾಯಾರ. ಹುಲ್ಲು ಕಾಗದ ಓದೂದಿಲ್ಲಲ್ರಿ."

ನನಗೆ ರೇಗಿತು. ಸಾಹೇಬರ ಮಾತಿಗೂ ಬೆಲೆ ಇಲ್ಲವೇ ಎಂದೆ. ಅವರು ಸ್ಟೂಲಿನಿಂದ ಎದ್ದು ಅದನ್ನು ನನ್ನ ಕಡೆ ಸರಿಸಿದರು. "ಮದ್ಲ ಕುಂಡ್ರಿ. ಬಿಸಲಾಗ ಬಂದೀರಿ." ಗೇಟಿನ ಪಕ್ಕದ ಮನೆಯೊಳಗಿನಿಂದ ಅವರ ಹೆಂಡತಿ ನೀರಿನ ತಂಬಿಗೆ ಹಿಡಿದು ಬಂದರು. ಎತ್ತರದ, ತೆಳ್ಳಗಿನ ಹೆಂಗಸು, ಮೂಗಿನಲ್ಲಿ ಹಸಿರು ಹರಳು. ಎಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ.

"ನಿಮಗ ಹುಡುಗ್ಯಾರ ಭಯ ಐತೋ, ಬೆಂಕಿ ಭಯ ಐತೋ?" ಎಂದು ಗಂಡನನ್ನು ಕೇಳಿದರು.

"ಬೆಂಕೀದು."

"ಹಂಗಾರ ಬೆಂಕಿ ಬಿಟ್ಟು ಬರ್ಲಿ."

ಹೀಗೆ ನಮ್ಮ ಬೆಂಕಿಯಿಲ್ಲದ ಕ್ಯಾಂಪು ನಿಶ್ಚಯವಾಯಿತು. ಪರೀಕ್ಷೆಯ ಒಲೆಯ ವಿಷಯ ನಾನು ಎತ್ತಲಿಲ್ಲ. ಒಳಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ. ಕಾನ್ವೆಂಟಿನ ಸಿಸ್ಟರ್‌ಗಳು ಇದನ್ನು ಸುಳ್ಳೆಂದೇ ಲೆಕ್ಕ ಹಿಡಿಯುತ್ತಿದ್ದರು.

ಬೆಟಗೇರಿಯ ಹುಡುಗಿಯೊಬ್ಬಳ ತಂದೆ ಲಾರಿ ಕೊಟ್ಟರು. ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಅವಲಕ್ಕಿ, ಉಳ್ಳಾಗಡ್ಡಿ, ಗಡಿಗೆ ತುಂಬ ಮೊಸರು. ಮೂರು ದಿನ ಒಲೆಯಿಲ್ಲದೆ ಉಣ್ಣಲು ನಮ್ಮ ಸೀಮೆಯ ಅಡುಗೆಗಿಂತ ಬೇರೆ ಬೇಕೆ? ಸಂಜೆ ಕ್ಯಾಂಪ್‌ಫೈರ್ ಬದಲು ನಡುವೆ ನೀರು ತುಂಬಿದ ಹಿತ್ತಾಳೆ ಕೊಡ ಇಟ್ಟು, ಸುತ್ತ ಕೂತು ಹಾಡಿದೆವು. ಹುಡುಗಿಯರು ನಗುತ್ತ ಕೊಡದ ಕಡೆ ಅಂಗೈ ಚಾಚಿ ಚಳಿ ಕಾಯಿಸಿಕೊಂಡಂತೆ ಮಾಡಿದರು. ಚಾಚಾ ದೂರದಲ್ಲಿ ನಿಂತು ನೋಡಿ, ತಾವೂ ಬಂದು ಎರಡು ಕೈ ಚಾಚಿ ಹೋದರು. ಅಂಥ ಜಂಟಲ್‌ಮನ್.

ಎರಡನೆಯ ದಿನ ಮುಂಜಾನೆ ಧಾರವಾಡದಿಂದ ಪರೀಕ್ಷೆ ತೆಗೆದುಕೊಳ್ಳುವ ಮೇಡಂ ಜೀಪಿನಲ್ಲಿ ಬಂದರು. ಅವರ ಹ್ಯಾಂಡ್‌ಬ್ಯಾಗಿನಲ್ಲಿ ಪರೀಕ್ಷೆಗೆಂದೇ ತಂದ ಹೊಸ ಕಡ್ಡಿಪೆಟ್ಟಿಗೆಗಳ ಕಟ್ಟಿತ್ತು. ಚಾಚಾ ಒಂದೊಂದನ್ನೂ ಅಲ್ಲಾಡಿಸಿ ಗೂಡಿನಲ್ಲಿಟ್ಟರು.

"ಇದೇನ ಹುಡುಗಾಟ್ಕಿ ಹಚ್ಚೀರಿ?" ಮೇಡಂ ನನ್ನ ಕಡೆ ತಿರುಗಿದರು. "ಬೆಂಕಿ ಹಚ್ಚಲಾರದ ನಾ ಏನಂತ ಪಾಸ್ ಮಾಡ್ಲಿ ಇವರನ್ನ?"

"ಸಿಟ್ಟಾಗ್ರಿ ಮೇಡಂ, ಬೈರಿ, ಮ್ಯಾಲ ಬರೀರಿ," ಎಂದರು ಚಾಚಾ. "ಪೆಟ್ಟಿಗಿ ಮಾತ್ರ ಹೋಗೂವಾಗ ಕೊಡ್ತೀನಿ." ಆಮೇಲೆ ನನ್ನನ್ನು ನೋಡಿದರು. "ಬಾಯಾರ, ಇದು ನಿಮಗ ಮದ್ಲ ಗೊತ್ತಿತ್ತಲ್ಲ?"

ನಾನು ಹುಡುಗಿಯರ ಕಡೆ ತಿರುಗಿದೆ. ಹದಿನಾರು ಹುಡುಗಿಯರು ಸಾಲಾಗಿ ನಿಂತಿದ್ದರು. ಬೆಳ್ಳಟ್ಟಿಯವಳು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಚಾಚಿ ಮೊರ ಕೆಳಗಿಟ್ಟರು. "ಮೇಡಂ, ಇವ್ರಿಗೆ ಒಲಿ ಹಚ್ಚಾಕ ಬರ್ತೈತೋ ಇಲ್ಲೋ ನೋಡಬೇಕಲ್ರಿ ನಿಮಗ? ನಮ್ಮ ಮನ್ಯಾಗ ಒಲಿ ಐತಿ. ಕಲ್ಲಿನ ಗ್ವಾಡಿ, ಮ್ಯಾಲ ಹಂಚು. ನಾನು ದಿನಾ ಹಚ್ಚೂದಿಲ್ಲೇನು? ಬರ್ರಿ."

ಮೇಡಂ ಚಾಚಾನನ್ನು ನೋಡಿದರು. ಚಾಚಾ ಎದ್ದು ಹೋಗಿ, ಬಾವಿಯಿಂದ ನೀರು ಸೇದಿ ಮನೆಯ ಸುತ್ತ ಅಂಗಳವನ್ನೆಲ್ಲ ತೋಯಿಸಿದರು. ಎರಡು ಕೊಡ ತುಂಬಿ ಬಾಗಿಲಲ್ಲಿಟ್ಟರು. ಆಮೇಲೆ ಗೂಡಿನಿಂದ ಒಂದು ಪೆಟ್ಟಿಗೆ ತಂದು ಮೇಡಂ ಕೈಗೆ ಕೊಟ್ಟರು.

ಹೊಸ್ತಿಲಿಗೆ ಬಂದಾಗ ನಿಂತವಳು ನಾನು. ಸಿಸ್ಟರ್‌ಗಳ ಜೊತೆ ಕೇಕ್ ತಿಂದವಳು, ಹುಡುಗಿಯರಿಗೆ ಇಕ್ವಾಲಿಟಿ ಎಂದು ಎಸ್ಸೇ ಬರೆಸಿದವಳು. ನನ್ನ ಮನೆಯಲ್ಲಿ ಏನನ್ನುತ್ತಾರೋ, ಈ ಹುಡುಗಿಯರ ಮನೆಗಳಲ್ಲಿ ಏನನ್ನುತ್ತಾರೋ ಎಂದು ಕಾಲು ಎತ್ತಲಾಗದೆ ನಿಂತೆ. ಚಾಚಿಗೆ ತಿಳಿಯದೆ ಇರುತ್ತದೆಯೇ?

"ಒಲಿ ಹಚ್ಚಾಕ ಅಷ್ಟ ಕರದೇನ್ರಿ ಬಾಯಾರ. ಚಾ ಕುಡೀರಿ ಅಂತ ನಾ ಅಂದಿಲ್ಲ."

ನನ್ನನ್ನು ಸರಿಸಿಕೊಂಡು ಬೆಳ್ಳಟ್ಟಿಯ ಹುಡುಗಿ ಮೊದಲು ಒಳಗೆ ಹೋದಳು. ಹತ್ತಿಕಟ್ಟಿಗೆ ಮುರಿದು ಒಟ್ಟಿ, ಸೆರಗಿನಿಂದ ಗಾಳಿ ಮರೆ ಮಾಡಿ, ಒಂದೇ ಕಡ್ಡಿಯಲ್ಲಿ ಉರಿ ಎಬ್ಬಿಸಿದಳು. ಎರಡನೆಯದನ್ನು ಮೇಡಂಗೆ ವಾಪಸ್ ಕೊಟ್ಟಳು. ನೀರು ಕಾದಮೇಲೆ ಚಾಚಿ ಕೊಳ್ಳಿಗಳನ್ನು ಎಳೆದು, ಒಲೆಗೆ ನೀರು ಸುರಿದು ಆರಿಸಿದರು. ಮುಂದಿನವಳಿಗೆ ಕೆಂಡದ ಬಿಸಿ ಸಿಗಬಾರದು, ಅದು ರೂಲ್. ಮತ್ತೆ ಬೂದಿ ಬಳಿದು ಒರೆಸಿ ಒಣ ಕಟ್ಟಿಗೆ ಕೊಟ್ಟರು. ಹೀಗೆ ಹದಿನಾರು ಸಲ ಉರಿ, ಹದಿನಾರು ಸಲ ನೀರು. ಹೊಗೆಯಲ್ಲಿ ಎಲ್ಲರ ಕಣ್ಣೂ ಕೆಂಪು. ಒಬ್ಬಳ ಮೊದಲ ಕಡ್ಡಿ ಆರಿದಾಗ ಚಾಚಿಯೇ ಪಕ್ಕಕ್ಕೆ ಬಂದು, "ನಿಧಾನ ಬೇಟಿ, ಅವಸರ ಯಾರಿಗೈತಿ?" ಎಂದರು. ಬಾಗಿಲಲ್ಲಿ ಚಾಚಾ ಅಂಗಳದ ಕಡೆ ಮುಖ ಮಾಡಿ, ಹಾರಿಬರುವ ಒಂದು ಕಿಡಿಗಾಗಿ ಮಧ್ಯಾಹ್ನದವರೆಗೆ ಕಾವಲು ನಿಂತಿದ್ದರು.

ಹದಿನಾರು ಜನರೂ ಪಾಸಾದರು. ಕೊನೆಯವಳ ನೀರು ಕುದಿಯುತ್ತಿದ್ದಾಗ ಬೆಳ್ಳಟ್ಟಿಯ ಹುಡುಗಿ ಒಳಗಿನ ಹಲಗೆ ತಡಕಾಡುತ್ತ ಕೇಳಿದಳು: "ಚಾಚಿ, ನೀರು ಸುಮ್ನ ಚೆಲ್ಲೂದ್ಯಾಕ? ಚಾಪುಡಿ ಎಲ್ಲಿಟ್ಟೀರಿ?"

ಚಾಚಿ ಕೈ ಒರೆಸಿಕೊಂಡು ಡಬ್ಬಿ ತೋರಿಸಿದರು. ಮೇಡಂ ಕುಡಿದರು, ಹುಡುಗಿಯರು ಕುಡಿದರು. ನಾನೂ ಒಳಗೆ ಹೋಗಿ, ಚಾಚಿಯ ಪಕ್ಕದಲ್ಲಿ ಕೂತು ಕುಡಿದೆ. ಬೆಲ್ಲದ ಚಹಾ, ಹೊಗೆ ವಾಸನೆ. ಅಷ್ಟು ರುಚಿಯಾದದ್ದನ್ನು ಆಮೇಲೆ ಯಾವ ದೊಡ್ಡ ಹೋಟೆಲಿನಲ್ಲೂ ನಾನು ಕುಡಿದಿಲ್ಲ. "ಸಾರಿ ಚಾಚಿ," ಎಂದೆ. "ಏನದು?" ಎಂದರು. ಕನ್ನಡದಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಮಳೆಗಾಲದ ಹೊತ್ತಿಗೆ ಚಾಚಾಗೆ ವರ್ಗವಾಯಿತೆಂದು ಖಬರು ಬಂತು, ಎಲ್ಲಿಗೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಚಾಚಿಯನ್ನು ನಾನು ಕಡೆಯ ಬಾರಿ ನೋಡಿದ್ದು ಮೂರನೆಯ ದಿನ, ಲಾರಿ ಹೊರಡುವಾಗ. ಥ್ಯಾಂಕ್ಸ್ ಹೇಳಲು ಹೋದರೆ ಮನೆಯೊಳಗೆ ಇರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದೆ. ಉರಿದು ತೊಯ್ದು, ಉರಿದು ತೊಯ್ದು ಅವರ ಮಣ್ಣಿನ ಒಲೆ ಅಡ್ಡಡ್ಡ ಸೀಳಿಹೋಗಿತ್ತು. ಅದರ ಹೋಳುಗಳನ್ನು ಒಂದು ಮೂಲೆಗೆ ಒಟ್ಟಿದ್ದರು. ಹಿಂದಿನ ರಾತ್ರಿ ಅವರಿಬ್ಬರು ಏನು ಉಂಡರೆಂದು ನಾನು ಕೇಳಿರಲಿಲ್ಲ. ಚಾಚಿ ಕುಕ್ಕುರುಗಾಲಿನಲ್ಲಿ ಕೂತು, ಕೆಂಪು ಮಣ್ಣಿಗೆ ಹೊಟ್ಟು ಬೆರೆಸಿ ಮೊಣಕೈವರೆಗೆ ಕೈಯಿಟ್ಟು ನಾದುತ್ತಿದ್ದರು. ನನ್ನನ್ನು ಕಂಡು, "ಹೋಗಿ ಬರ್ರಿ ಬಾಯಾರ, ಕೈ ಖಾಲಿ ಇಲ್ಲ," ಎಂದು ನಕ್ಕು, ಮೊಣಕೈ ಎತ್ತಿ ಹಣೆಯ ಬೆವರು ಒರೆಸಿಕೊಂಡು, ಮತ್ತೆ ಮಣ್ಣಿಗೆ ಬಾಗಿದರು.